ಕಟ್ಟಿದ ನಾಯಿಯ ನೆರಳು

ಏಪ್ರಿಲ್ ಬಂತೆಂದರೆ ಕಲಬುರಗಿಯ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ವಿಜಯಪುರ, ಬಾಗಲಕೋಟೆಗಳಲ್ಲೂ ಬೇಸಿಗೆಯ ಎರಡು ತಿಂಗಳು ಇದೇ ಏರ್ಪಾಡು. 42 ಡಿಗ್ರಿ ಮುಟ್ಟುವ ಬಿಸಿಲಿಗೆ ಮನುಷ್ಯರು ತಮ್ಮ ದಿನಚರಿಯನ್ನೇ ತಿದ್ದಿಕೊಳ್ಳುತ್ತಾರೆ. ಅದೇ ಊರಿನ ಎಷ್ಟೋ ಮನೆಗಳ ಮಾಳಿಗೆಯ ಮೇಲೆ, ತಗಡಿನ ಗೂಡಿನ ಪಕ್ಕ ಕಟ್ಟಿಹಾಕಿದ ನಾಯಿಯ ದಿನಚರಿ ಮಾತ್ರ ಜನವರಿಯಲ್ಲಿದ್ದಂತೆಯೇ ಇರುತ್ತದೆ.

ಬೀದಿಯ ನಾಯಿಯನ್ನು ಆ ಹೊತ್ತಿನಲ್ಲಿ ಗಮನಿಸಿದರೆ ಒಂದು ಸಂಗತಿ ತಿಳಿಯುತ್ತದೆ. ಅದು ನಿಂತ ಲಾರಿಯ ಕೆಳಗೆ ನುಸುಳಿರುತ್ತದೆ, ಇಲ್ಲವೇ ನಲ್ಲಿ ಸೋರುವ ಜಾಗ ಹುಡುಕಿಕೊಂಡಿರುತ್ತದೆ. ಬೇವಿನ ಮರದ ಬುಡದಲ್ಲಿ ಕಾದ ಮೇಲ್ಮಣ್ಣನ್ನು ಕೆದರಿ, ಒಳಗಿನ ತಂಪು ಮಣ್ಣಿಗೆ ಹೊಟ್ಟೆ ಒತ್ತಿ ಮಲಗುತ್ತದೆ. ನೆರಳು ಸರಿದಂತೆ ತಾನೂ ಸರಿಯುತ್ತದೆ. ಸಾಕಿದ ನಾಯಿಗೂ ಈ ವಿದ್ಯೆಯೆಲ್ಲ ಹುಟ್ಟಿನಿಂದಲೇ ಬಂದದ್ದು; ಬಳಸಲು ಸರಪಳಿ ಬಿಡುವುದಿಲ್ಲ. ಕಟ್ಟಿದವರು ಅದರ ಪರವಾಗಿ ನೆರಳು ಹುಡುಕಬೇಕು, ನೀರು ಹುಡುಕಬೇಕು. ಬೆಳಿಗ್ಗೆ ಎಂಟಕ್ಕೆ ನೆರಳಿದ್ದ ಗೋಡೆಯ ಬದಿ ಮಧ್ಯಾಹ್ನ ಎರಡಕ್ಕೆ ಕಾದ ಹೆಂಚಾಗಿರಬಹುದು. ಗೂಡಿಗೆ ತಗಡು ಹೊದಿಸಿದ್ದರೆ ಒಳಗಿಗಿಂತ ಹೊರಗೇ ವಾಸಿ. ತಗಡಿನ ಮೇಲೆ ಜೋಳದ ಕಣಿಕೆ ದಪ್ಪಗೆ ಹರಡಿ ಗಾಳಿಯಾಡಲು ಎರಡು ಬದಿ ತೆರೆದಿಟ್ಟರೆ ಅದೇ ಗೂಡು ವಾಸಕ್ಕೆ ಯೋಗ್ಯವಾಗುತ್ತದೆ. ಸ್ಟೀಲ್ ಬಟ್ಟಲಿನ ನೀರು ಗಂಟೆಯೊಳಗೆ ಬಿಸಿಯಾಗುತ್ತದೆ. ಅಗಲ ಬಾಯಿಯ ಮಣ್ಣಿನ ಪಾತ್ರೆ ಒಳ್ಳೆಯದು, ನಾಯಿ ತುಳಿದು ಉರುಳಿಸದಷ್ಟು ಭಾರವೂ ಇರಬೇಕು.

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದರ ಬೆವರ ಗ್ರಂಥಿಗಳು ಹೆಚ್ಚಾಗಿ ಅಂಗಾಲಿನಲ್ಲಿವೆ, ಅವುಗಳಿಂದ ಆಗುವ ತಂಪು ಅತ್ಯಲ್ಪ. ನಾಲಿಗೆ ಚಾಚಿ ಏದುಸಿರು ಬಿಡುತ್ತಾ, ಬಾಯಿ ಮೂಗುಗಳ ತೇವವನ್ನು ಆವಿಯಾಗಿಸಿಯೇ ಅದು ಮೈಯ ಬಿಸಿ ಕಳೆಯಬೇಕು. ಹಾಗಾಗಿಯೇ ಮಂಗಳೂರಿನ 34 ಡಿಗ್ರಿಯನ್ನು ರಾಯಚೂರಿನ 40ರ ಮುಂದೆ ಹಗುರವೆಂದು ಎಣಿಸುವಂತಿಲ್ಲ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುವುದರಿಂದ ನಾಲಿಗೆಯ ತೇವ ಬೇಗ ಆರುವುದಿಲ್ಲ. ನಾಯಿ ಎಷ್ಟು ಏದುಸಿರು ಬಿಟ್ಟರೂ ಮೈ ತಣಿಯುವುದು ನಿಧಾನ.

ತಳಿಯ ಮಾತೂ ಇಲ್ಲಿ ಬರುತ್ತದೆ. 2003ರ ಸುಮಾರಿಗೆ ಹಚ್ ಮೊಬೈಲ್ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಬೆನ್ನುಬಿದ್ದು ನಡೆದ ಪಗ್ ನಾಯಿಯನ್ನು ನೋಡಿ ಊರೂರಲ್ಲಿ ಜನ ಪಗ್ ತಂದರು. ಚಪ್ಪಟೆ ಮುಖದ ಆ ಪ್ರಾಣಿಯ ಉಸಿರಿನ ದಾರಿಯೇ ಕಿರಿದು. ಏದುಸಿರೊಂದೇ ಆಸರೆಯಾಗಿರುವ ಜೀವಿಗೆ ಅದಕ್ಕಿಂತ ದೊಡ್ಡ ಕೊರತೆ ಬೇರಿಲ್ಲ. ಸೈಬೀರಿಯದ ಹಿಮಕ್ಕೆಂದು ಎರಡು ಪದರದ ಕೂದಲು ಹೊತ್ತ ಹಸ್ಕಿಯನ್ನು ಬಯಲುಸೀಮೆಗೆ ತರದಿರುವುದೇ ಅದಕ್ಕೆ ಮಾಡುವ ಉಪಕಾರ. ತಂದಾಗಿದ್ದರೆ ಬೇಸಿಗೆಗೆಂದು ಬುಡಮಟ್ಟ ಕ್ಷೌರ ಮಾಡಿಸಬಾರದು. ಚರ್ಮ ನೇರ ಬಿಸಿಲಿಗೆ ಬೀಳುತ್ತದೆ. ಒಳಪದರದ ಸತ್ತ ಕೂದಲನ್ನು ಬಾಚಿ ತೆಗೆದರೆ ಸಾಕು. ನಮ್ಮ ಮುಧೋಳ ನಾಯಿಯ ತೆಳುಮೈ, ಗಿಡ್ಡ ಕೂದಲು, ಉದ್ದ ಮೂತಿ ಈ ನೆಲದ ಬಿಸಿಲಿಗೆ ಒಗ್ಗಿದವು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿತ್ತು. ಆದರೆ ಮಟಮಟ ಮಧ್ಯಾಹ್ನ ಓಡಿಸಿದರೆ ಮುಧೋಳವೂ ಕುಸಿಯುತ್ತದೆ.

ಇನ್ನು ರಸ್ತೆ. ಗಾಳಿಯ ಉಷ್ಣಾಂಶ 30 ಡಿಗ್ರಿ ಇದ್ದಾಗಲೇ ಬಿಸಿಲಿಗೆ ಬಿದ್ದ ಡಾಂಬರು 55 ಡಿಗ್ರಿ ದಾಟಬಲ್ಲದು. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನು ಅಲ್ಲಿ ನಡೆಸಬಾರದು. ಸಂಜೆ ಐದಕ್ಕೆ ಹೊರಡುವವರು ಇದನ್ನು ಮರೆಯುತ್ತಾರೆ: ಬಿಸಿಲು ಇಳಿದರೂ ಡಾಂಬರು ಬೇಗ ಆರುವುದಿಲ್ಲ. ನಿಲ್ಲಿಸಿದ ಕಾರು ಇನ್ನೂ ಕೆಟ್ಟದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಉಷ್ಣಾಂಶ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಅದರ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿಯನ್ನು ಸ್ವಲ್ಪ ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸ ಆಗಲಿಲ್ಲ.

ಆರೋಗ್ಯವಂತ ನಾಯಿಯ ಮೈ 38ರಿಂದ 39 ಡಿಗ್ರಿ ಇರುತ್ತದೆ. 41 ದಾಟಿತೆಂದರೆ ಒಳಗಿನ ಅಂಗಗಳೇ ಕೆಡತೊಡಗುತ್ತವೆ. ನಿಲ್ಲದ ಏದುಸಿರು, ಅಂಟಂಟು ಜೊಲ್ಲು, ಕೆಂಪೇರಿದ ವಸಡು, ತೂರಾಡುವ ನಡಿಗೆ, ವಾಂತಿ ಕಂಡರೆ ತಡಮಾಡುವ ಸಮಯವಲ್ಲ. ವೈದ್ಯರ ಬಳಿಗೆ ಒಯ್ಯುವುದಕ್ಕೂ ಮೊದಲು ಅಲ್ಲೇ ನೆರಳಿಗೆ ಎಳೆದು, ತಲೆ ಬಿಟ್ಟು ಮೈಮೇಲೆಲ್ಲ ತಣ್ಣೀರು ಸುರಿಯಬೇಕು, ಫ್ಯಾನ್ ಹಾಕಬೇಕು, ಇಲ್ಲವೇ ರಟ್ಟಿನಿಂದಾದರೂ ಬೀಸಬೇಕು. ಒದ್ದೆ ಟವೆಲ್ ಹೊದಿಸಿ ಬಿಡುವುದು ಒಳ್ಳೆಯದಲ್ಲ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ನೀರು ಹೊಯ್ಯಲೇಬಾರದು. ಚೇತರಿಸಿಕೊಂಡಂತೆ ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಬೇಕು. ಮೂತ್ರಪಿಂಡಕ್ಕೆ ಆದ ಪೆಟ್ಟು ಹೊರಗೆ ಕಾಣುವುದಿಲ್ಲ.

ಮಳೆ ಬಿದ್ದರೆ ಮನಸ್ಸು ಹಗುರವಾಗುತ್ತದೆ, ಕೆಲಸ ಹಗುರವಾಗುವುದಿಲ್ಲ. ಉಣುಗುಗಳು ನಾಯಿಯ ಕಿವಿಯ ಮಡಿಕೆ, ಬೆರಳ ಸಂದುಗಳಲ್ಲಿ ಮಾತ್ರ ಇರುವುದಿಲ್ಲ. ಗೂಡಿನ ಬಿರುಕು, ಗೋಡೆಯ ಸಂದುಗಳಲ್ಲಿ ಅಡಗಿರುತ್ತವೆ. ಒಂದು ಹೆಣ್ಣು ಉಣುಗು ಸಾವಿರಾರು ಮೊಟ್ಟೆ ಇಡುತ್ತದೆ. ಅವು ಹರಡುವ ಟಿಕ್ ಫೀವರ್ ಚಿಕಿತ್ಸೆ ತಡವಾದರೆ ಪ್ರಾಣ ತೆಗೆಯುತ್ತದೆ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಮೈಗೆ ಸುರಿಯುವ ಅಭ್ಯಾಸ ಹಳ್ಳಿಗಳಲ್ಲಿ ಇನ್ನೂ ಇದೆ. ನಾಯಿ ಅದನ್ನು ನೆಕ್ಕುತ್ತದೆ, ವಿಷವೇರುತ್ತದೆ. ದಯವಿಟ್ಟು ಇದನ್ನು ನಿಲ್ಲಿಸಬೇಕು. ನಿಂತ ನೀರಿನಲ್ಲಿ ಇಲಿಯ ಮೂತ್ರ ಸೇರಿದ್ದರೆ ಇಲಿಜ್ವರ ತಗಲುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆ ಇದೆ. ಮಲೆನಾಡಿನ ಕಾಡಂಚಿನ ಮನೆಗಳಲ್ಲಿ ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಅಲ್ಲಿ ಕತ್ತಲಾದ ಮೇಲೆ ನಾಯಿ ಬಾಗಿಲೊಳಗೇ ಇರಬೇಕು. ದೀಪಾವಳಿಯ ಮೂರು ರಾತ್ರಿಯೂ ಅಷ್ಟೇ. ಪಟಾಕಿಗೆ ಬೆದರಿ ಸರಪಳಿ ಕಿತ್ತು ಓಡಿದ ನಾಯಿ ರಸ್ತೆಯಲ್ಲಿ ವಾಹನಕ್ಕೆ ಸಿಗುತ್ತದೆ. ಬೀದರ್ ಕಡೆ ಚಳಿಗಾಲದ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವಾಗ ಗಿಡ್ಡ ಕೂದಲಿನ ನಾಯಿಗೆ ಎರಡು ಗೋಣಿಚೀಲ ಹಾಸಿಕೊಟ್ಟರೆ ಸಾಕು.

ಇದು ಕೇವಲ ಕರುಣೆಯ ಮಾತಲ್ಲ, ಕಾನೂನೂ ಹೌದು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಸಾಕಿದ ಪ್ರಾಣಿಗೆ ಸಾಕಷ್ಟು ನೀರು, ಆಹಾರ, ಆಸರೆ ಕೊಡದಿರುವುದು, ತೀರ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಡುವುದು, ಸದಾ ಕಟ್ಟಿರುವ ನಾಯಿಯನ್ನು ಅಡ್ಡಾಡಿಸದಿರುವುದು ಅಪರಾಧ. ಪಕ್ಕದ ಮನೆಯ ಮಾಳಿಗೆಯ ಮೇಲೆ ಅಂಥ ನಾಯಿ ಇದ್ದರೆ ಮೊದಲು ಮನೆಯವರೊಡನೆ ಮಾತಾಡಿ ನೋಡಿ. ಕೇಳದಿದ್ದರೆ ಪೊಲೀಸ್ ಠಾಣೆಗೆ ದೂರು ಕೊಡಿ. ನಾಯಿ ನಿಮ್ಮದೇ ಆಗಿದ್ದರೆ, ನಾಳೆ ಮಧ್ಯಾಹ್ನ ಎರಡು ಗಂಟೆಗೆ ಅದನ್ನು ಕಟ್ಟುವ ಜಾಗದಲ್ಲಿ ಬರಿಗಾಲಲ್ಲಿ ನಿಂತು, ಸರಪಳಿಯ ಅಳತೆಯೊಳಗೆ ನೆರಳೂ ನೀರೂ ಎಟುಕುತ್ತವೆಯೇ ನೋಡಿ.