ಮಗಳದೊಂದು ಭಾವಚಿತ್ರ

ಎಳೆಯ ಮಕ್ಕಳ ಭಾವಚಿತ್ರ ತೆಗೆಯುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ತೊಟ್ಟಿಲಲ್ಲಿ ಮಲಗಿರಲಿ, ಮಣ್ಣಿನಲ್ಲಿ ಹೊರಳಾಡುತ್ತಿರಲಿ, ಅತ್ತು ಕೆಂಪಾಗಿರಲಿ, ಚಿತ್ರಕ್ಕೊಂದು ಕಳೆ ಇದ್ದೇ ಇರುತ್ತದೆ. ವೃದ್ಧರ ಮಾತೂ ಹಾಗೆಯೇ. ಮುಖದ ಸುಕ್ಕುಗಳೇ ಅವರಿಗೆ ಭೂಷಣ. ಆದರೆ ಹದಿನೈದರ ಹರೆಯದ ಮಕ್ಕಳನ್ನು ಒಮ್ಮೆ ಕ್ಯಾಮೆರಾದ ಮುಂದೆ ನಿಲ್ಲಿಸಿ ನೋಡಬೇಕು! ಇದ್ದಕ್ಕಿದ್ದಂತೆ ಅವರಿಗೆ ಎರಡು ಕೈಗಳು ಹೆಚ್ಚಾಗಿಬಿಡುತ್ತವೆ; ಅವನ್ನು ಎಲ್ಲಿಡಬೇಕೆಂಬುದು ತಿಳಿಯದು. ಕತ್ತು ಮರಗಟ್ಟುತ್ತದೆ. ನಗು ಎಂದರೆ ತುಟಿ ನಗುತ್ತದೆ, ಕಣ್ಣು ನಗುವುದಿಲ್ಲ.

ಬಸವನಗುಡಿಯ ರಾಯರಿಗೆ ಈ ಸತ್ಯದ ಅರಿವಾದದ್ದು 2024ರ ಬೇಸಗೆಯಲ್ಲಿ, ತಮ್ಮ ಐವತ್ತೊಂದನೆಯ ವಯಸ್ಸಿನಲ್ಲಿ.

ಅವರ ಮನೆಯ ನಡುಮನೆಯ ಗೋಡೆಯ ಮೇಲೆ ಒಂದು ಹಳೆಯ ಚಿತ್ರವಿದೆ. 1961ರಲ್ಲಿ ನಡೆದ ಅವರ ತಂದೆತಾಯಿಯರ ಮದುವೆಯ ಗುಂಪು ಚಿತ್ರ. ಪೇಟ, ಕೋಟು, ಪಂಚೆಗಳ ನಲವತ್ತು ಮಂದಿ ಬಂಧುಗಳು. ನಡುವೆ ಬಾಸಿಂಗದ ಕೆಳಗೆ ತಲೆತಗ್ಗಿಸಿ ಕುಳಿತ ಹದಿನೈದರ ಹುಡುಗಿ. ಮುಖ ಹೆಸರುಕಾಳಿನಷ್ಟು. ಒಂದು ದಿನ ಗಾಜಿನ ಧೂಳೊರೆಸುತ್ತಿದ್ದ ತಾಯಿ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡಂತೆ, “ಆ ವಯಸ್ಸಿನಲ್ಲಿ ನಾನು ಹೇಗಿದ್ದೆನೋ ನನಗೇ ಗೊತ್ತಿಲ್ಲ ಕಣೋ. ನೋಡಿಕೊಳ್ಳೋಣ ಅಂದರೆ ಇದರಲ್ಲಿ ಮುಖವೇ ಕಾಣಿಸುವುದಿಲ್ಲ” ಎಂದರು. ಆ ಮಾತು ರಾಯರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಹೋಯಿತು.

ಅವರ ಮಗಳಿಗೂ ಈಗ ಅದೇ ಹದಿನೈದು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಸಿದ್ದಳು. ಜೂನ್ ಹೊತ್ತಿಗೆ ಮೈಸೂರಿನ ಹಾಸ್ಟೆಲಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಫೋನಿನಲ್ಲಿ ಅವಳ ಚಿತ್ರಗಳಿಗೇನು ಕೊರತೆ ಎಂದು ಕೇಳಬಹುದು. ಸಾವಿರಗಟ್ಟಲೆ ಇದ್ದವು. ಆದರೆ ಹನ್ನೆರಡು ತುಂಬಿದ ಮೇಲೆ ತೆಗೆದ ಚಿತ್ರಗಳಲ್ಲೆಲ್ಲ ಕಾಣುತ್ತಿದ್ದುದು ಮುಖದ ಮುಂದೆ ಅಡ್ಡ ಹಿಡಿದ ಅಂಗೈ ಮಾತ್ರ. ಹಲ್ಲಿಗೆ ತಂತಿ ಹಾಕಿಸಿದ ಮೇಲಂತೂ ಅವಳು ಬಾಯಿಬಿಟ್ಟು ನಕ್ಕದ್ದನ್ನು ಕಂಡವರಿಲ್ಲ. ಯುಗಾದಿಯ ಮರುದಿನ ರಾಯರು ತಮ್ಮ ಕಚೇರಿಯ ಮಿತ್ರರೊಬ್ಬರಿಂದ ಹಳೆಯ ಕ್ಯಾಮೆರಾವೊಂದನ್ನು ಕೊಂಡು ತಂದರು. ಮಗಳು ಊರು ಬಿಡುವುದರೊಳಗೆ ಅವಳದೊಂದು ಒಳ್ಳೆಯ ಭಾವಚಿತ್ರ ತೆಗೆಯಬೇಕೆಂಬುದು ಸಂಕಲ್ಪ.

ಏಪ್ರಿಲ್ ಮೂರನೆಯ ಭಾನುವಾರ ಲಾಲ್‌ಬಾಗಿಗೆ ಸವಾರಿ ಹೊರಟಿತು. ಚಿತ್ರಕ್ಕೆ ಬೆಳಕು ಬೇಕು, ಬೆಳಕು ಹೆಚ್ಚಾಗಿರುವುದು ಮಧ್ಯಾಹ್ನದಲ್ಲಿ, ಆದುದರಿಂದ ಮಧ್ಯಾಹ್ನವೇ ಪ್ರಶಸ್ತ ಎಂಬುದು ರಾಯರ ತರ್ಕ. ತರ್ಕದಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಸೂರ್ಯನಲ್ಲಿ. ಬೆಂಗಳೂರಿನಲ್ಲಿ ವರ್ಷಕ್ಕೆರಡು ಬಾರಿ, ಏಪ್ರಿಲ್ 24ರ ಹಾಗೂ ಆಗಸ್ಟ್ 18ರ ಸುಮಾರಿಗೆ, ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೂ ಆಗ ನೆರಳಿರುವುದಿಲ್ಲ. ನೆಲದ ಮೇಲೆ ಬೀಳಲಾರದ ನೆರಳು ಮುಖದಲ್ಲಿ ಬಂದು ಮನೆ ಮಾಡುತ್ತದೆ: ಹುಬ್ಬಿನ ನೆರಳು ಕಣ್ಣಿನ ಗುಳಿಗೆ, ಮೂಗಿನ ನೆರಳು ಮೇಲ್ದುಟಿಗೆ. ರಾಯರು ಮಗಳನ್ನು ಬಂಡೆಯ ಮೇಲೆ ನಿಲ್ಲಿಸಿ, ಎರಡು ಅಡಿ ದೂರದಿಂದ, “ನಗು, ನಗು, ಇನ್ನೂ ಸ್ವಲ್ಪ ನಗು” ಎಂದು ಗದರುತ್ತ ಅರವತ್ತು ಚಿತ್ರ ತೆಗೆದರು. ಸಂಜೆ ಅವುಗಳಲ್ಲೊಂದನ್ನು ಅಭಿಮಾನದಿಂದ ಬಂಧುಗಳ ವಾಟ್ಸಾಪ್ ಗುಂಪಿಗೆ ಕಳುಹಿಸಿದರು. ಐದು ನಿಮಿಷದಲ್ಲಿ ದೂರದ ಬಂಧುವೊಬ್ಬರ ಉತ್ತರ ಬಂದಿತು: “ಹುಡುಗಿಗೆ ಯಾವಾಗ ಮೀಸೆ ಬಂತು?”

ಗುಂಪಿನಲ್ಲಿದ್ದ ಮೂವತ್ತೆರಡು ಮಂದಿಯೂ ನಕ್ಕರು. ಮಗಳ ಕೋಣೆಯ ಬಾಗಿಲು ಮುಚ್ಚಿತು. ಮೂರು ದಿನ ಅವಳು ತಂದೆಯೊಡನೆ ಮಾತನಾಡಲಿಲ್ಲ.

ನಾಲ್ಕನೆಯ ದಿನ ರಾಯರು ಆ ಬಾಗಿಲು ತಟ್ಟಿದರು. ಅಷ್ಟರಲ್ಲಿ ಚಿತ್ರವನ್ನು ಗುಂಪಿನಿಂದ ಅಳಿಸಿದ್ದರು. ಆದರೆ ನಗೆಯನ್ನು ಅಳಿಸುವುದು ಅವರಿಂದ ಸಾಧ್ಯವಾಗಿರಲಿಲ್ಲ. “ತಪ್ಪಾಯಿತು ಪುಟ್ಟಿ. ನಿನ್ನನ್ನು ಒಂದು ಮಾತು ಕೇಳಬೇಕಾಗಿತ್ತು” ಎಂದರು. ತಂದೆ ಹಾಗೆ ಹೇಳಿದ್ದನ್ನು ಅವಳು ಹಿಂದೆ ಎಂದೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡು ಷರತ್ತು ಹಾಕಿದಳು. ಯಾವ ಚಿತ್ರವನ್ನಾದರೂ ಮೊದಲು ತನಗೆ ತೋರಿಸಬೇಕು. ತಾನು ಅಳಿಸು ಎಂದದ್ದನ್ನು ಅಲ್ಲಿಯೇ ಅಳಿಸಬೇಕು. ಇನ್ನೊಂದು, ಇನ್ನು ಮೇಲೆ ‘ನಗು’ ಎನ್ನಕೂಡದು. ರಾಯರು ಎರಡಕ್ಕೂ ಒಪ್ಪಿದರು.

“ಆದರೂ ಅಪ್ಪ, ನನ್ನ ಮೂಗು ನಿಜವಾಗಿ ಅಷ್ಟು ದಪ್ಪವೇ?” ಎಂದು ಅವಳು ಕೇಳಿದಾಗ ಅವರ ಕರುಳು ಚುರ್ರೆಂದಿತು. ಅಂದಿನಿಂದ ಅವರ ವಿದ್ಯಾಭ್ಯಾಸ ಆರಂಭವಾಯಿತು.

ಮೂಗಿನ ಅಪರಾಧ ಮೂಗಿನದಲ್ಲ, ದೂರದ್ದು. ಎರಡಡಿಯ ಅಂತರದಿಂದ ನೋಡುವ ಕ್ಯಾಮೆರಾಕ್ಕೆ ಕಿವಿಗಿಂತ ಮೂಗು ಬಹಳ ಹತ್ತಿರ. ಹತ್ತಿರದ್ದು ದೊಡ್ಡದಾಗಿಯೇ ಕಾಣಬೇಕು. ತೋಳು ಚಾಚಿ ಫೋನಿನಲ್ಲಿ ತಮ್ಮ ಚಿತ್ರ ತಾವೇ ತೆಗೆದುಕೊಳ್ಳುವವರ ಮುಖ ಉಬ್ಬಿದಂತೆ ಕಾಣುವುದೂ ಇದರಿಂದಲೇ. ಆರೇಳು ಅಡಿ ಹಿಂದೆ ಸರಿದು, ಮಸೂರವನ್ನು 18 ಮಿಲಿಮೀಟರಿನ ಬದಲು 55ಕ್ಕೆ ತಿರುಗಿಸಿ ತೆಗೆದರೆ ಮೂಗು ಕಿವಿಗಳು ತಮ್ಮ ತಮ್ಮ ಅಳತೆಗೆ ಮರಳುತ್ತವೆ. ಇದಲ್ಲದೆ ಇನ್ನೊಂದು ವಿಚಿತ್ರವೂ ಉಂಟು. ನಾವು ನಮ್ಮ ಮುಖವನ್ನು ಬಲ್ಲುದು ಕನ್ನಡಿಯಿಂದ; ಕನ್ನಡಿಯಲ್ಲಿ ಎಡಬಲಗಳು ಅದಲುಬದಲು. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಕೆಲವರಿಗೆ ಅವರದೇ ಚಿತ್ರವನ್ನು ನೇರವಾಗಿಯೂ ತಿರುಗುಮುರುಗಾಗಿಯೂ ಅಚ್ಚಿಸಿ ತೋರಿಸಿದರು. ಅವರಲ್ಲಿ ಹೆಚ್ಚಿನವರು ಕನ್ನಡಿಯಲ್ಲಿ ಕಾಣುವ ರೂಪವನ್ನೇ ಮೆಚ್ಚಿದರು. ಅವರ ಸ್ನೇಹಿತರು ಮೆಚ್ಚಿದ್ದು ನೇರವಾದ ಚಿತ್ರವನ್ನು. “ಇದು ನಾನಲ್ಲ” ಎಂದು ಹದಿನೈದರ ಹುಡುಗಿ ಹೇಳಿದರೆ ಅದು ಬರಿಯ ಹಟವಲ್ಲ. ಆ ಮುಖದ ಪರಿಚಯ ಅವಳಿಗೆ ನಿಜವಾಗಿಯೂ ಕಡಿಮೆ.

ಮಗಳನ್ನು ದಿನವೂ ಪೀಡಿಸುವುದು ಬೇಡವೆಂದು ರಾಯರು ಅಡುಗೆಮನೆಯಿಂದ ಒಂದು ಜುಟ್ಟಿನ ತೆಂಗಿನಕಾಯಿಯನ್ನು ತಂದು ಕಾಂಪೌಂಡಿನ ಗೋಡೆಯ ಮೇಲೆ ಕೂರಿಸಿದರು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಗಂಟೆಗೊಮ್ಮೆ ಅದರ ಚಿತ್ರ ತೆಗೆದು, ಬೆಳಕು ಎತ್ತಣಿಂದ ಬಂದರೆ ನೆರಳು ಎಲ್ಲಿ ಬೀಳುವುದೆಂದು ಪರಿಶೀಲಿಸಿದರು. ಎರಡನೆಯ ದಿನ ಅವರ ಮನೆಯಾಕೆ ಬಾಗಿಲಿಗೆ ಬಂದು, “ನೋಡಿ, ಚಟ್ನಿಗೆ ಕಾಯಿ ಇಲ್ಲ. ನಿಮ್ಮ ರೂಪದರ್ಶಿಯನ್ನು ಸ್ವಲ್ಪ ಕಳುಹಿಸುತ್ತೀರಾ?” ಎಂದರು. ಚಟ್ನಿಯಾಗುವ ಮೊದಲು ಆ ಕಾಯಿ ಕಲಿಸಿದ ಪಾಠ ದೊಡ್ಡದು. ಬೆಳಗಿನ ಓರೆಬಿಸಿಲಿನಲ್ಲಿ ಅದರ ದುಂಡು ಅಂದವಾಗಿ ಕಾಣುತ್ತಿತ್ತು. ನಡುಹಗಲಿನಲ್ಲಿ ಮೇಲರ್ಧ ಬೂದಿ, ಕೆಳಗರ್ಧ ಮಸಿ. ಹೊಂಗೆಯ ಮರದ ಕೆಳಗಿಟ್ಟರೆ ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನಿಂದ ಮೈಯೆಲ್ಲ ಚುಕ್ಕೆ ಚುಕ್ಕೆ. ಸಾಲದ್ದಕ್ಕೆ ಎಲೆಯ ಹಸುರು ಛಾಯೆ ಬೇರೆ. ಎಲ್ಲಕ್ಕಿಂತ ಸೌಮ್ಯವಾಗಿ ಬಂದದ್ದು ಪೂರ್ವದಿಕ್ಕಿಗಿದ್ದ ಮನೆಯ ಮುಂಭಾಗದಲ್ಲಿ, ಸೂರ್ಯ ಹಿಂದಕ್ಕೆ ಸರಿದ ಮೇಲೆ, ಮನೆಯ ನೆರಳಿನಲ್ಲಿ. ಬಿಸಿಲು ತಾಗದೆ, ಎದುರಿನ ತೆರೆದ ಆಕಾಶದ ಬೆಳಕು ಮಾತ್ರ ಸಮನಾಗಿ ಹರಡಿದ ಸ್ಥಳ ಅದು. ಬಯಲಿನ ಭಾವಚಿತ್ರಕ್ಕೆ ಬೇಕಾದದ್ದು ಬಿಸಿಲಲ್ಲ, ತಿಳಿನೆರಳು ಎಂದು ರಾಯರಿಗೆ ಮನದಟ್ಟಾಯಿತು.

ಉಳಿದ ಪಾಠಗಳು ಒಂದೊಂದಾಗಿ ಬಂದುವು. ಎಲ್ಲವನ್ನೂ ಯಂತ್ರದ ಇಷ್ಟಕ್ಕೆ ಬಿಟ್ಟರೆ ಅದು ಹತ್ತಿರವಿದ್ದ ದಾಸವಾಳದ ಟೊಂಗೆಯನ್ನು ಸ್ಪಷ್ಟಗೊಳಿಸಿ ಮುಖವನ್ನು ಮಸುಕುಮಾಡುತ್ತಿತ್ತು. ಆದುದರಿಂದ ಗುರಿಯ ಚುಕ್ಕೆಯನ್ನು ಒಂದೇ ಒಂದಕ್ಕೆ ಇಳಿಸಿ ಹತ್ತಿರದ ಕಣ್ಣಿನ ಮೇಲಿಡಬೇಕು. ಆ ವಯಸ್ಸಿನ ಮಕ್ಕಳು ಒಂದು ಕ್ಷಣವೂ ನಿಶ್ಚಲವಾಗಿರುವುದಿಲ್ಲ; ಆದುದರಿಂದ ಶಟರಿನ ವೇಗ ಸೆಕೆಂಡಿನ 250ರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಕೂಡದು, ನೆರಳಿನಲ್ಲಿ ಅದಕ್ಕಾಗಿ ಐಎಸ್‌ಓ 400ಕ್ಕೆ ಏರಿದರೂ ಚಿಂತೆಯಿಲ್ಲ. ಗುಂಡಿ ಒತ್ತುವ ಮೊದಲು ತಲೆಯ ಹಿಂದೆ ಏನಿದೆಯೆಂದು ಒಮ್ಮೆ ನೋಡಬೇಕು. ಇಲ್ಲವಾದರೆ ವಿದ್ಯುತ್ ಕಂಬ ನೆತ್ತಿಯಿಂದಲೇ ಹುಟ್ಟಿಬಂದಂತೆ ಕಾಣುತ್ತದೆ.

ಇಷ್ಟೆಲ್ಲ ಕಲಿತ ಮೇಲೂ ಬಂದ ಚಿತ್ರಗಳು ಸ್ವಚ್ಛವಾಗಿದ್ದುವೇ ಹೊರತು ಮಗಳಂತಿರಲಿಲ್ಲ. ಷರತ್ತಿನಂತೆ ಅವಳು ನೋಡಿದಳು, ಅಳಿಸು ಎಂದಳು, ರಾಯರು ಅಳಿಸಿದರು. ಒಂದು ದಿನ ನಲವತ್ತಕ್ಕೆ ನಲವತ್ತೂ ಹೋದುವು. ಈ ವಯಸ್ಸಿನಲ್ಲಿ ಇದೆಲ್ಲ ತಮಗೇಕೆ ಎಂದು ಬೇಸರಗೊಂಡಿದ್ದಾಗ ಅವರ ಕಣ್ಣಿಗೆ ಬಿದ್ದದ್ದು ಜೂಲಿಯಾ ಮಾರ್ಗರೆಟ್ ಕ್ಯಾಮರನ್ನರ ವೃತ್ತಾಂತ. ಆಕೆ 1815ರಲ್ಲಿ ನಮ್ಮ ಕಲ್ಕತ್ತೆಯಲ್ಲಿ ಹುಟ್ಟಿದವರು. 1863ರಲ್ಲಿ, ನಲವತ್ತೆಂಟರ ವಯಸ್ಸಿನಲ್ಲಿ, ಮಗಳೂ ಅಳಿಯನೂ ಕ್ಯಾಮೆರಾವನ್ನು ಉಡುಗೊರೆಯಾಗಿ ಕೊಟ್ಟರು. ಇಂಗ್ಲೆಂಡಿನ ವೈಟ್ ದ್ವೀಪದ ಮನೆಯಲ್ಲಿ ಕಲ್ಲಿದ್ದಲಿನ ಕೊಟ್ಟಿಗೆಯನ್ನು ಕತ್ತಲೆಕೋಣೆಯಾಗಿಯೂ ಕೋಳಿಗೂಡನ್ನು ಚಿತ್ರಶಾಲೆಯಾಗಿಯೂ ಮಾಡಿಕೊಂಡು ಆಕೆ ದುಡಿದರು. 1864ರ ಜನವರಿಯಲ್ಲಿ ಆನಿ ಎಂಬ ಪುಟ್ಟ ಹುಡುಗಿಯ ಚಿತ್ರ ಮೂಡಿದಾಗ ಅದನ್ನು ತಮ್ಮ ಮೊದಲ ಯಶಸ್ಸೆಂದು ಕರೆದರು. ರಾಯರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆನಿ ನಗುತ್ತಿಲ್ಲ. ಕ್ಯಾಮೆರಾವನ್ನು ನೋಡುತ್ತಲೂ ಇಲ್ಲ. ತನ್ನ ಪಾಡಿಗೆ ತಾನಿದ್ದಾಳೆ.

ತಮ್ಮ ಮಗಳು ತನ್ನ ಪಾಡಿಗೆ ತಾನಿರುವುದು ಎಲ್ಲಿ, ಯಾವಾಗ ಎಂದು ಯೋಚಿಸಿದಾಗ ರಾಯರಿಗೆ ಉತ್ತರ ಹೊಳೆಯಲಿಲ್ಲ. ಒಂದೇ ಸೂರಿನ ಕೆಳಗಿದ್ದೂ ಅದನ್ನು ಅವರು ಗಮನಿಸಿರಲಿಲ್ಲ. ಆ ವಾರವೆಲ್ಲ ಅವರು ಕ್ಯಾಮೆರಾವನ್ನು ಮುಟ್ಟಲಿಲ್ಲ, ಬರಿದೆ ನೋಡಿದರು. ಓದುವಾಗ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಯಾರಾದರೂ ಸುಳ್ಳು ಹೇಳಿದರೆ ಎಡಹುಬ್ಬು ಮಾತ್ರ ಮೇಲೇರುತ್ತದೆ. ಅಜ್ಜಿಯ ಬಳಿ ಕುಳಿತಾಗ ಕೈಗಳು ಎಲ್ಲಿರಬೇಕೋ ಅಲ್ಲಿಯೇ ಇರುತ್ತವೆ.

ಮೇ ತಿಂಗಳ ಒಂದು ಮಧ್ಯಾಹ್ನ ಅಜ್ಜಿ ತಾರಸಿಯ ಮೇಲೆ ಸಂಡಿಗೆ ಇಟ್ಟಿದ್ದರು. ಹಾಸಿದ್ದುದು ತೀರಿಕೊಂಡ ಅಜ್ಜನ ಹಳೆಯ ಬಿಳಿಯ ಪಂಚೆ. ಕಾಗೆ ಕಾಯುವ ಕೆಲಸ ಮೊಮ್ಮಗಳದು. ನಾಲ್ಕು ಗಂಟೆಯ ಹೊತ್ತಿಗೆ ನೀರಿನ ತೊಟ್ಟಿಯ ನೆರಳು ಐದಾರು ಅಡಿ ಉದ್ದಕ್ಕೆ ಚಾಚಿತ್ತು. ಅಜ್ಜಿ ಮೊಮ್ಮಗಳಿಬ್ಬರೂ ತೊಟ್ಟಿಯ ಗೋಡೆಗೆ ಬೆನ್ನು ಮಾಡಿ ಆ ನೆರಳಿನಲ್ಲಿ ಕುಳಿತಿದ್ದರು; ನೆರಳಿನಾಚೆ ಬಿಸಿಲಿನಲ್ಲಿ ಪಂಚೆ. ಕಾಫಿಗೆ ಕರೆಯಲು ಮೇಲೆ ಬಂದ ರಾಯರು ಮೆಟ್ಟಿಲ ತುದಿಯಲ್ಲಿಯೇ ನಿಂತುಬಿಟ್ಟರು. ಮಗಳ ಮುಖ ಎಂದೂ ಕಾಣದಷ್ಟು ತಿಳಿಯಾಗಿತ್ತು. ಹುಬ್ಬಿನ ಕೆಳಗೆ, ಗಲ್ಲದ ಕೆಳಗೆ ಎಲ್ಲಿಯೂ ಕಪ್ಪಿಲ್ಲ. ಬಿಸಿಲು ಪಂಚೆಯ ಮೇಲೆ ಬಿದ್ದು, ಅಲ್ಲಿಂದ ಪುಟಿದು, ಕೆಳಗಿನಿಂದ ಅವಳ ಮುಖವನ್ನು ಬೆಳಗುತ್ತಿತ್ತು. ಚಿತ್ರಶಾಲೆಯವರು ಬಿಳಿಯ ಹಲಗೆ ಹಿಡಿದು ಮಾಡುವ ಕೆಲಸವನ್ನು ಅಜ್ಜನ ಪಂಚೆ ಸದ್ದಿಲ್ಲದೆ ಮಾಡುತ್ತಿತ್ತು.

“ಪುಟ್ಟಿ, ತೆಗೆಯಲೇ?” ಎಂದು ರಾಯರು ಕೇಳಿದರು.

ಅವಳು ಭುಜ ಕುಣಿಸಿ, “ತೆಗಿ. ಆದರೆ ನಾನು ಏಳುವುದಿಲ್ಲ, ಕಾಗೆ ಬರುತ್ತದೆ” ಎಂದಳು.

ರಾಯರು ಕ್ಯಾಮೆರಾ ತಂದು ಪಂಚೆಯ ಮಗ್ಗುಲಿಗೆ ಮಂಡಿಯೂರಿ, ಅವಳ ಕಣ್ಣಿನ ಮಟ್ಟಕ್ಕೆ ತಮ್ಮನ್ನು ಇಳಿಸಿಕೊಂಡರು. ಏನೂ ಹೇಳಲಿಲ್ಲ. ಎರಡು ನಿಮಿಷ ಕಳೆಯುವಷ್ಟರಲ್ಲಿ ಅವಳು ಅವರನ್ನು ಮರೆತಳು. ಅಜ್ಜಿ ಕಾಗೆಗೆ ಏನೋ ಬೈದರು. ಮಗಳು ಅತ್ತ ತಿರುಗಿದಳು. ತುಟಿ ಬಿರಿಯಲಿಲ್ಲ, ಎಡಹುಬ್ಬು ಮೇಲೇರಿತು. ರಾಯರು ಗುಂಡಿ ಒತ್ತಿದ್ದು ಮೂರೇ ಸಲ.

ಸಂಜೆ ಮಗಳು ಚಿತ್ರಗಳನ್ನು ನೋಡಿದಳು. ಮೊದಲನೆಯದನ್ನು ಅಳಿಸಿದಳು. ಮೂರನೆಯದನ್ನೂ ಅಳಿಸಿದಳು. ಎರಡನೆಯದರ ಮುಂದೆ ಬಹಳ ಹೊತ್ತು ಕುಳಿತು, ಚಿತ್ರವನ್ನು ಹಿಗ್ಗಿಸಿ, “ಅಪ್ಪ, ಇಲ್ಲಿ ನೋಡು” ಎಂದಳು. ಅವಳ ಕಣ್ಣಿನ ಕಪ್ಪಿನಲ್ಲಿ ಒಂದು ಬೆಳ್ಳಗಿನ ಪಟ್ಟಿ: ಅಜ್ಜನ ಪಂಚೆ. ಅದರ ಪಕ್ಕದಲ್ಲಿ ಸಾಸಿವೆಯಷ್ಟು ಚಿಕ್ಕದಾಗಿ, ಮಂಡಿಯೂರಿ ಕುಳಿತ ಒಬ್ಬ ಮನುಷ್ಯ.

“ಇದು ಇರಲಿ” ಎಂದಳು. ಬಂಧುಗಳ ಗುಂಪಿಗೆ ಕಳುಹಿಸಲೇ ಎಂದು ರಾಯರು ಕೇಳಲಿಲ್ಲ.

ಮರುವಾರ ಆ ಚಿತ್ರ ಅಚ್ಚಾಗಿ, ಚೌಕಟ್ಟು ಹಾಕಿಸಿಕೊಂಡು, 1961ರ ಗುಂಪು ಚಿತ್ರದ ಪಕ್ಕದಲ್ಲಿ ಗೋಡೆಯೇರಿತು. ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಮೊಮ್ಮಗಳ ಮುಖವನ್ನು ನೋಡಿದರು. ಪಕ್ಕದ ಚಿತ್ರದ ನಡುವಿನ ಹೆಸರುಕಾಳನ್ನೂ ನೋಡಿದರು. “ಹುಬ್ಬು ನನ್ನದೇ ಇರಬೇಕು. ನಮ್ಮಮ್ಮ ಅದಕ್ಕೇ ಬೈಯುತ್ತಿದ್ದರು” ಎಂದರು. ಸ್ವಲ್ಪ ತಡೆದು, “ನನ್ನದೂ ಒಂದು ತೆಗೆಯೋ” ಎಂದರು.

ರಾಯರು ಕ್ಯಾಮೆರಾ ತರಲು ಎದ್ದರು. ಅಷ್ಟರಲ್ಲಿ ಮಗಳೇ ಅದನ್ನು ಕೊರಳಿಗೆ ಹಾಕಿಕೊಂಡಿದ್ದಳು. ಅಜ್ಜಿ ಸೆರಗು ಸರಿಮಾಡಿಕೊಂಡು ಅಂಗಳದ ಬಿಸಿಲಿನಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಅರವತ್ತಮೂರು ವರ್ಷಗಳ ಹಿಂದಿನಂತೆಯೇ ತಲೆ ತಗ್ಗಿಸಿದರು.

“ಅಲ್ಲಿ ಬೇಡ ಅಜ್ಜಿ, ಇತ್ತ ನೆರಳಿಗೆ ಬಾ” ಎಂದಳು ಹುಡುಗಿ. ಕುರ್ಚಿಯನ್ನು ತಾನೇ ಎಳೆದಳು. ಆರಡಿ ಹಿಂದೆ ಸರಿದಳು. ಆಮೇಲೆ ಏನೂ ಹೇಳದೆ, ಅಜ್ಜಿ ತಾವಾಗಿಯೇ ತಲೆ ಎತ್ತುವವರೆಗೂ ಕಾದಳು.