ನಾಲ್ಕು ಜೆನರ ಡೇರೆ

ಈ ಸರ್ತಿ ಅಡಿಗೆಯ ಶುದ್ದಿ ಅಲ್ಲ, ಡೇರೆಯ ಶುದ್ದಿ.

ನವರಾತ್ರಿ ರಜೆಲಿ ಬೆಂಗ್ಳೂರಿಂದ ಮಗ°, ಸೊಸೆ, ಪುಳ್ಳಿಯಕ್ಕೊ ವೇಣೂರಿಂಗೆ ಬಂದಿತ್ತಿದ್ದವು. ಕೂಸಿಂಗೆ ಏಳು ವರ್ಷ, ಮಾಣಿಗೆ ನಾಲ್ಕು. ಕಾರಿನ ಡಿಕ್ಕಿಂದ ಚೀಲಂಗಳ ಒಟ್ಟಿಂಗೆ ಒಂದು ಉದ್ದದ ಕಟ್ಟವೂ ಇಳುದತ್ತು.

"ಇದೆಂತರ ಮಗಾ?" ಹೇಳಿ ಕೇಳಿದೆ.

"ಟೆಂಟು ಅಮ್ಮಾ, ನಾಲ್ಕು ಜೆನರದ್ದು. ಡಿಸೆಂಬರು ರಜೆಲಿ ಮಕ್ಕಳ ಕುದುರೆಮುಖಕ್ಕೆ ಕ್ಯಾಂಪಿಂಗಿಂಗೆ ಕರಕ್ಕೊಂಡು ಹೋಪದು."

ಎಂಗಳ ಮನೆಯವಕ್ಕೆ ನೆಗೆ ಬಂತು. "ನಮ್ಮ ಮನೆಯೇ ಗುಡ್ಡೆಯ ಬುಡಲ್ಲಿ ಇದ್ದು. ಇರುಳು ನರಿ ಕೂಗುದು ಕೇಳ್ತು. ಪೈಸೆ ಕೊಟ್ಟು ಕಾಡಿಲಿ ಮನುಗುಲೆ ಅಷ್ಟು ದೂರ ಹೋಯೆಕ್ಕೊ?" ಹೇಳಿದವು.

ಮಗ° ವಿಡಿಯೊಲ್ಲಿ ನೋಡಿದ್ದು ಹೇಂಗೆ ಹೇಳಿದರೆ, ತೋಡಿನ ಕರೆಲಿ ಡೇರೆ, ಎದುರು ಕಿಚ್ಚು, ಸುತ್ತ ಕೂದೊಂಡು ಪದ್ಯ. ಕುದುರೆಮುಖಲ್ಲಿ ಅದು ಆಗ. 1987ರಿಂದ ಅದು ರಾಷ್ಟ್ರೀಯ ಉದ್ಯಾನ, 600 ಚದರ ಕಿಲೋಮೀಟರಿನಷ್ಟು ಕಾಡು, ಹುಲ್ಲುಗುಡ್ಡೆ. ಸಿಂಗಳೀಕ, ಕಾಟಿ, ಹುಲಿ ಎಲ್ಲ ಇಪ್ಪ ಜಾಗೆ. ನಮ್ಮ ಮನಸ್ಸು ಬಂದಲ್ಲಿ ಡೇರೆ ಹಾಕುಲೆ, ಕಿಚ್ಚು ಹಾಕುಲೆ ಬಿಡ್ತವಿಲ್ಲೆ. ಅರಣ್ಯ ಇಲಾಖೆಯ ಭಗವತಿ ಪ್ರಕೃತಿ ಶಿಬಿರ ಹೇಳಿ ಒಂದಿದ್ದು. ಅಲ್ಲಿ ಡೇರೆ ಅವೇ ಹಾಕಿ ಮಡಗಿದ್ದವು. ಮೊದಲೇ ಬುಕ್ ಮಾಡಿಗೊಂಡು ಹೋಯೆಕ್ಕು.

"ಅಂಬಗ ಈ ಡೇರೆ ಎಂತಕೆ ತೆಗದ್ದು?" ಹೇಳಿ ಸೊಸೆ ಕೇಳಿತ್ತು. ಮಗ° ಮಾತಾಡಿದ್ದನಿಲ್ಲೆ.

ಆನು ಹೇಳಿದೆ, "ಹಾಳಪ್ಪಲೆ ಇಲ್ಲೆ. ಮದಲು ನಮ್ಮ ಜಾಲಿಲಿ ಒಂದಿರುಳು ಮನುಗಿ ನೋಡಿ. ಎಂತ ಬೇಕು, ಎಂತ ಬೇಡ ಹೇಳಿ ಇಲ್ಲಿಯೇ ಗೊಂತಕ್ಕು." ಹೀಂಗಿಪ್ಪ ಕೆಲಸ ಎನಗೆ ಅಭ್ಯಾಸ. ಹನ್ನೆರಡು ವರ್ಷಕ್ಕೊಂದರಿ ವೇಣೂರು ಬಾಹುಬಲಿಗೆ ಮಹಾಮಸ್ತಕಾಭಿಷೇಕ ಇದ್ದಲ್ಲದೊ, 2024ರ ಫೆಬ್ರವರಿಲಿ ಅದಾತು. ಆಗ ನೆಂಟ್ರು ಬಂದಿಪ್ಪಗ ಹದಿನೆಂಟು ಜೆನಕ್ಕೆ ಜೆಗಿಲಿಲಿ ಹಾಸಿಗೆ ಹಾಕಿದ್ದೆ. ಆರಿಂಗೆ ತಲೆಕೊಂಬು ಬೇಕು, ಆರು ಇರುಳು ಏಳ್ತವು, ಎಲ್ಲ ಲೆಕ್ಕ ಎನ್ನ ತಲೆಲಿ ಇತ್ತು.

ಜಾಲು ಮುರಕಲ್ಲಿಂದು. ಡೇರೆಯ ಗೂಟ ಒಂದೂ ಇಳುದ್ದಿಲ್ಲೆ. ಅಕೇರಿಗೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಮಡಗಿ ಬಳ್ಳಿ ಕಟ್ಟಿತ್ತು. ನಾಲ್ಕು ಜೆನ ಹೇಳುದು ಅಂಗಡಿಯವರ ಲೆಕ್ಕ. ಮೂರು ಜೆನ ಮನುಗಿದರೆ ನಾಲ್ಕನೆಯವ° ಉಸುಲು ಹಿಡ್ಕೊಂಡು ಕೂರೆಕ್ಕು. ಮಕ್ಕೊಗೆ ಕೊಶಿಯೋ ಕೊಶಿ. ಒಂಬತ್ತು ಗಂಟೆಗೆ ಒರಗಿದವು.

ನೆಡಿರುಳು ಮಾಣಿ ಎದ್ದು ಕೂಗಿದ°. ಅವಂಗೆ ಒಂದಕ್ಕೆ ಹೋಯೆಕ್ಕು, ಹೆರ ಕಸ್ತಲೆ, ಮಗನ ಮೊಬೈಲಿಲಿ ಚಾರ್ಜಿಲ್ಲೆ. ಬೆಂಗ್ಳೂರಿನ ಮಕ್ಕೊ ಪೂರಾ ಕಸ್ತಲೆ ನೋಡಿದ್ದೇ ಇಲ್ಲೆ ಹೇಳಿ ಎನಗೆ ಆಗ ಗೊಂತಾತು. ಅಲ್ಲಿ ಇರುಳಿಡೀ ಕಿಟಿಕಿಲಿ ಬೀದಿ ಲೈಟಿನ ಬೆಣಚ್ಚು. ಆನು ಟಾರ್ಚು ತೆಕ್ಕೊಂಡು ಹೋದೆ. "ಅಜ್ಜಿ ಇಲ್ಲಿಯೇ ಮನುಗೆಕ್ಕು" ಹೇಳಿ ಸೆರಗು ಹಿಡುದ°. ಒಳ ಜಾಗೆ ಇಲ್ಲೆ. ಬಾಗಿಲಿಲಿ ತಲೆ ಒಳ, ಕಾಲು ಹೆರ ಹಾಕಿ ಮನುಗಿದೆ.

ಮಾಣಿ ಒರಗಿದ°. ಎನಗೆ ಒರಕ್ಕು ಬಯಿಂದಿಲ್ಲೆ. ಮೂವತ್ತೊಂದು ವರ್ಷ ಈ ಜಾಲಿನ ಉಡುಗಿದ್ದೆ, ಇಲ್ಲಿ ಅಡಕ್ಕೆ ಹರಗಿದ್ದೆ. ಒಂದು ದಿನ ಇಲ್ಲಿ ಮನುಗಿ ಆಕಾಶ ನೋಡಿದ್ದಿಲ್ಲೆ. ಮೂಡ ಹೊಡೆಲಿ ಘಟ್ಟ ಕಪ್ಪಿಂಗೆ ಕಾಣ್ತಾ ಇತ್ತು. ಮದುವೆ ಆಗಿ ಬಂದ ಲಾಗಾಯ್ತಿಂದ ಅದರ ನೋಡ್ತಾ ಇದ್ದೆ, ಮಳೆ ಎಷ್ಟೊತ್ತಿಂಗೆ ಬಕ್ಕು ಹೇಳಿ ಅಂದಾಜು ಮಾಡ್ಲೆ. ಹತ್ತಿ ಹೋಯಿದಿಲ್ಲೆ. ಮನೆ ಬಿಟ್ಟು ಇರುಳು ಕಳದ್ದು ಹೇಳಿದರೆ ಅಪ್ಪನಮನೆ, ಜೆಂಬ್ರ, ಮಾವ° ಆಸ್ಪತ್ರೆಲಿಪ್ಪಗ ಎರಡು ವಾರ. ಅಷ್ಟೇ.

ಉದಿಯಪ್ಪಗ ತೆಳ್ಳವು ಎರವಗ ಎಲ್ಲೋರೂ ಅಡಿಗೆಕೋಣೆಲಿ ಕೂದು ಪಟ್ಟಿ ಮಾಡಿದವು. ಎಂಗೊ ಬರದ್ದು ಇಷ್ಟು, ಸಣ್ಣ ಮಕ್ಕೊ ಇಪ್ಪೋರಿಂಗೆ ಉಪಕಾರ ಅಕ್ಕು:

ಹೋಪ ಸಮಯ: ಮಳೆಗಾಲಲ್ಲಿ ಉಂಬುಳ. ಫೆಬ್ರವರಿ ಕಳುದರೆ ಹುಲ್ಲು ಒಣಗಿ ಕಾಡುಕಿಚ್ಚಿನ ಹೆದರಿಕೆ. ಡಿಸೆಂಬರು ಒಳ್ಳೆದು, ಆದರೆ ಚಳಿ. ಕೆಮಿಗೆ ಟೊಪ್ಪಿ, ಕಾಲಿಂಗೆ ಸಾಕ್ಸು, ಹಳೆ ಸೀರೆಯ ದಪ್ಪ ಹೊದಕ್ಕೆ.

ಬೆಣಚ್ಚು: ಒಬ್ಬೊಬ್ಬಂಗೆ ಒಂದೊಂದು ಟಾರ್ಚು, ಮಕ್ಕೊಗೂ. ತನ್ನ ಕೈಲಿ ಟಾರ್ಚು ಇದ್ದರೆ ಅರ್ಧ ಹೆದರಿಕೆ ಹೋವುತ್ತು.

ಮದ್ದು: ಮಾಣಿಗೆ ಶೀತ ಆದರೆ ಉಸುಲು ಕಟ್ಟುತ್ತು. ಡಾಕ್ಟ್ರು ಕೊಟ್ಟ ಇನ್ಹೇಲರು ಡಿಕ್ಕಿಲಿ ಅಲ್ಲ, ಅಬ್ಬೆಯ ಕೈಚೀಲಲ್ಲಿ. ಘಟ್ಟದ ಒಳ ಮೊಬೈಲು ಸಿಗ್ನಲು ನಂಬಲೆಡಿಯ. ಆಚ ಹೊಡೆಂಗೆ ಕಳಸ, ಈಚ ಹೊಡೆಂಗೆ ಕಾರ್ಕಳ, ಯಾವ ಆಸ್ಪತ್ರೆಗೆ ಹೋಪದು ಹೇಳಿ ಮೊದಲೇ ನಿಘಂಟು ಮಾಡೆಕ್ಕು.

ನೀರು: ದೊಡ್ಡವರ ಕೈ ಹಿಡಿಯದ್ದೆ ತೋಡಿನ ಹತ್ತರೆ ಹೋಪಲಾಗ. ಎರಡು ಮಕ್ಕೊಗೆ ಇಬ್ರು ದೊಡ್ಡವು, ಆರ ಕಣ್ಣು ಆರ ಮೇಲೆ ಹೇಳಿ ಹೆಸರು ಹಿಡುದು ಹೇಳಿ ಮಡಗೆಕ್ಕು. "ಎಲ್ಲೋರೂ ನೋಡ್ತವು" ಹೇಳಿದರೆ ಆರೂ ನೋಡ್ತವಿಲ್ಲೆ.

ತಿಂಬಲೆ: ದಾರಿಗೆ ಬಾಳೆಹಣ್ಣು, ಕಾಸಿದ ಅವಲಕ್ಕಿ, ಸ್ಟೀಲಿನ ಕುಪ್ಪಿಲಿ ನೀರು. ಮಂಗಂಗೊಕ್ಕೆ ಎಂತದೂ ಹಾಕುಲಾಗ. ಕೊಂಡೋದ ಕಸವೆಲ್ಲ ವಾಪಾಸು ಮನಗೆ.

ದಾರಿ: ನಾರಾವಿ, ಬಜಗೋಳಿ, ಮಾಳ, ಮತ್ತೆ ಘಟ್ಟ. ತಿರ್ಗಾಸಿಲಿ ಮಕ್ಕೊ ಕಾರುಗು, ಹಾಂಗಾಗಿ ಹೊಟ್ಟೆ ತುಂಬ ತಿನ್ನುಸಿ ಹೆರಡ್ಲಾಗ. ಹೊತ್ತು ಕಂತುವ ಮೊದಲೇ ಎತ್ತೆಕ್ಕು.

ಬರದು ಮುಗುದಪ್ಪಗ ಸೊಸೆ ಒಂದರಿ ಜೋರಾಗಿ ಓದಿತ್ತು. ಹೊದಕ್ಕೆ ನಾಲ್ಕು, ಟಾರ್ಚು ನಾಲ್ಕು, ಬಟ್ಳು ನಾಲ್ಕು. ಆನು ಕಾವಲಿಗೆ ಎಣ್ಣೆ ಉದ್ದಿಗೊಂಡು, "ಐದು ಹೇಳಿ ಬರೆ. ಆನೂ ಬತ್ತೆ" ಹೇಳಿದೆ.

ಎಲ್ಲೋರೂ ಎನ್ನ ಮೋರೆ ನೋಡಿದವು. "ಅಮ್ಮಾ, ನಿನ್ನ ಮೊಳಪ್ಪು ಬೇನೆಗೆ ನೆಲಲ್ಲಿ ಮನುಗಿರೆ ಅಕ್ಕೊ?" ಹೇಳಿ ಮಗ° ಕೇಳಿದ°. "ನಿನ್ನೆ ಇರುಳು ಮನುಗಿದ್ದಿಲ್ಯೊ?" ಹೇಳಿದೆ. ಅವಂಗೆ ಅದು ಗೊಂತೇ ಇತ್ತಿಲ್ಲೆ, ಅವ° ಒರಗಿತ್ತಿದ್ದ°. ಸೊಸೆ ಎಂತದೂ ಹೇಳಿದ್ದಿಲ್ಲೆ. ಪೆನ್ನು ತೆಗದು ಎಲ್ಲ ನಾಲ್ಕರನ್ನೂ ಐದು ಮಾಡಿತ್ತು.

ಇವು ರೆಜ ಹೊತ್ತು ಕಾಪಿ ಕುಡುಕ್ಕೊಂಡು ಕೂದಿತ್ತಿದ್ದವು. ಮತ್ತೆ ಕೇಳಿದವು, "ದನವ ಆರು ಕರವದು?"

ನ್ಯಾಯದ ಪ್ರಶ್ನೆ. ಎಂಗಳ ದನ ಎನ್ನ ಕೈ ಅಲ್ಲದ್ದೆ ಬೇರೆಯವಕ್ಕೆ ಹಾಲು ಕೊಡ್ತಿಲ್ಲೆ. ಇಷ್ಟು ವರ್ಷ ಆನು ಎಲ್ಲಿಗೂ ಹೋಗದ್ದಕ್ಕೆ ಇದೇ ಕಾರಣ ಹೇಳಿ ಆನೇ ನಂಬಿಗೊಂಡಿತ್ತಿದ್ದೆ. "ಡಿಸೆಂಬರಿಂಗೆ ಇನ್ನೂ ಎರಡು ತಿಂಗಳಿದ್ದು. ಮಕ್ಕೊ ಡೇರೆಲಿ ಮನುಗಿ ಕಲ್ತ ಹಾಂಗೆ ನಿಂಗಳೂ ಕಲಿಯಿ" ಹೇಳಿದೆ.

ಈಗ ಹೊತ್ತೋಪಗ ಇವು ಹಟ್ಟಿಗೆ ಬತ್ತವು. ಸುರುವಿನ ವಾರ ಎರಡು ಸರ್ತಿ ಚೆಂಬು ಮೊಗಚ್ಚಿ ಬಿದ್ದತ್ತು. ದನ ಮೆಟ್ಟಿದ್ದು ಒಂದರಿ. ಆನು ಹತ್ತರೆ ನಿಂದು ಬೆನ್ನು ಉದ್ದಿದರೆ ಈಗ ಅರ್ಧ ಲೀಟರು ಕರೆತ್ತವು. ಆನು ಹತ್ತರೆ ಇಲ್ಲದ್ದೆ ಕರವಲೆ ನಾಡ್ದಿಂದ ಸುರು.

ಎರಡು ಇರುಳಿಂಗೆ ಐದು ಜೆನಕ್ಕೆ ಬುಕ್ ಆಯಿದು. ಹೋಗಿ ಬಂದು ಆ ಶುದ್ದಿ ಬರೆತ್ತೆ. ನಿಂಗೊ ಸಣ್ಣ ಮಕ್ಕಳ ಕರಕ್ಕೊಂಡು ಅತ್ಲಾಗಿ ಹೋದ್ದಿದ್ದರೆ ಪಟ್ಟಿಲಿ ಎಂತ ಬಿಟ್ಟು ಹೋಯಿದು ಹೇಳಿ ತಿಳಿಶಿ.