ಮೌನವೂ ಬರವಣಿಗೆಯೂ

ಧ್ಯಾನವೆಂದರೆ ಕಣ್ಣು ಮುಚ್ಚಿ ಲೋಕವನ್ನು ಮರೆಯುವುದೆಂದು ನಮ್ಮಲ್ಲಿ ಹಲವರ ಎಣಿಕೆ. ಕುಪ್ಪಳಿಯ ಕವಿಶೈಲವನ್ನು ಏರಿದಂದು ನನಗೆ ಹಾಗೆನಿಸಲಿಲ್ಲ. ಆ ಬಂಡೆಯ ಮೇಲೆ ಸುಮ್ಮನೆ ಕುಳಿತಷ್ಟೂ ಕಾಡು, ಹಕ್ಕಿಯ ಕೂಗು, ಇಳಿವ ಹೊತ್ತು ಎಲ್ಲವೂ ಹತ್ತಿರವಾದುವು. ಪೂಜ್ಯ ಕುವೆಂಪು ಅವರ ಮೌನವೂ ಲೋಕವನ್ನು ಬಿಟ್ಟುದಲ್ಲ. 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಮಲೆನಾಡಿನ ಮಳೆ, ಕೆಸರು, ಜೀತದಾಳಿನ ಬದುಕು ಎಲ್ಲವೂ ಇವೆ. 1949ರಲ್ಲಿ ಅಚ್ಚಾದ 'ಶ್ರೀ ರಾಮಾಯಣ ದರ್ಶನಂ' 22,000ಕ್ಕೂ ಮಿಕ್ಕ ಸಾಲುಗಳ ಕಾವ್ಯ. ಬರಿಯ ಮೌನದಿಂದ ಅಷ್ಟು ಇಳಿದು ಬರುವುದುಂಟೆ? ವರ್ಷಗಟ್ಟಲೆ ಕುಳಿತು ಬರೆಯಬೇಕಾಯಿತು.

ಆದರೆ ಕವಿಶೈಲ ಎಲ್ಲರ ಮನೆಯ ಹಿಂದೆ ಇರುವುದಿಲ್ಲವಷ್ಟೆ. ನಮ್ಮ ಮನೆಗೆ ಇರುವುದೇ ಒಂದು ಕೋಣೆ. ಅಲ್ಲಿಯೇ ಅವ್ವ ಮೊರ ಹಿಡಿದು ರಾಗಿ ಕೇರುವಾಗ ಕರೆದರೂ ಓಗೊಡುವುದಿಲ್ಲ. ಹೊಟ್ಟು ಹಾರಿ ಕಾಳು ಉಳಿಯುವವರೆಗೆ ಅವಳಿಗೆ ಬೇರೆ ಲೋಕವಿಲ್ಲ. ಅಕ್ಷರ ಬಾರದ ಅವಳಿಂದಲೇ ನಾನು ಏಕಾಗ್ರತೆಯನ್ನು ಕಲಿತುದು.

ಈಗ ಹಾಸ್ಟೆಲಿನ ಗದ್ದಲ ಏಳುವ ಮೊದಲು ಅರ್ಧ ಗಂಟೆ ಸುಮ್ಮನೆ ಕೂರುತ್ತೇನೆ. ಮೊದಲು ಬರುವುದು ಫೀಜಿನ ಚಿಂತೆ, ಆಮೇಲೆ ಊರಿನ ಸಾಲ. ಕೆಲವು ದಿನ ಅಷ್ಟರಲ್ಲೇ ತಿಂಡಿಯ ಗಂಟೆ ಬಾರಿಸುತ್ತದೆ. ಅವು ಆಚೆ ಸರಿದ ದಿನ ಒಂದೆರಡು ವಾಕ್ಯ ಉಳಿಯುತ್ತವೆ. ಬರೆದಿಟ್ಟು ತರಗತಿಗೆ ಹೋಗುತ್ತೇನೆ.